ಸುತ್ತು ಸುತ್ತಾಗಿ ಬೆಳೆಯುವ ಕೆಲಸ: ಮುಕ್ತ ತಂತ್ರಾಂಶದ ತಂಡಗಳ ಅನುಭವ



ಕಾಸರಗೋಡಿನ ಕನ್ನಡ ಮಾಧ್ಯಮ ಪ್ರೌಢಶಾಲೆಗಳ ಗಣಕಯಂತ್ರಗಳಲ್ಲಿ ಕೇರಳದ ಕೈಟ್ ಸಂಸ್ಥೆ ಶಾಲೆಗಳಿಗಾಗಿ ಹೊಂದಿಸಿಕೊಟ್ಟಿರುವ ಗ್ನು/ಲಿನಕ್ಸ್ ವ್ಯವಸ್ಥೆ ಇರುತ್ತದೆ. ಅದು ಉಬುಂಟು ಎಂಬ ಮುಕ್ತ ತಂತ್ರಾಂಶವನ್ನು ಆಧರಿಸಿದೆ. ಉಬುಂಟುವಿನ ಹೆಸರಿನೊಡನೆ 18.04, 22.04 ಎಂಬಂತಹ ಅಂಕಿಗಳು ಅಂಟಿಕೊಂಡಿರುತ್ತವೆ. ನೋಡಲು ದಶಮಾಂಶ ಸಂಖ್ಯೆಗಳಂತಿದ್ದರೂ ಇವು ದಿನಾಂಕಗಳು: 22.04 ಎಂದರೆ 2022ನೆಯ ಇಸವಿಯ ನಾಲ್ಕನೆಯ ತಿಂಗಳು. ಏನೆಲ್ಲ ಪೂರ್ಣವಾಯಿತು ಎಂಬುದನ್ನು ಈ ಹೆಸರು ಹೇಳುವುದಿಲ್ಲ; ಬಳಸುವವರ ಕೈಗೆ ಯಾವಾಗ ಕೊಡಲಾಯಿತು ಎಂಬುದನ್ನಷ್ಟೇ ಹೇಳುತ್ತದೆ. ಈ ನಾಮಕರಣದ ಹಿಂದೆ ಒಂದು ಕಾರ್ಯವಿಧಾನವಿದೆ. ಅದು ರೂಪುಗೊಳ್ಳಲು ಹಲವು ತಂಡಗಳು ಹಲವು ವರ್ಷ ಎಡವಿವೆ.

ಗಡಿಯಾಚೆಯ ಕನ್ನಡ ಶಾಲೆಗಳ ಅಧ್ಯಾಪಕರಿಗೆ ಈ ವಿಧಾನ ತಿಳಿದಿರಬೇಕಾದ ಕಾರಣವೊಂದಿದೆ. ಈ ಶಾಲೆಗಳಲ್ಲಿ ಪಠ್ಯಪುಸ್ತಕದ ಹೊರಗಿನ ಸಾಮಗ್ರಿಯ ಬಹುಭಾಗವನ್ನು ಅಧ್ಯಾಪಕರೇ ಸಿದ್ಧಪಡಿಸಿಕೊಳ್ಳಬೇಕಾಗುತ್ತದೆ. ಸಂಧಿ, ಸಮಾಸ, ವಿಭಕ್ತಿ ಪ್ರತ್ಯಯಗಳ ಅಭ್ಯಾಸ ಹಾಳೆಯನ್ನು ಮಂಜೇಶ್ವರದಲ್ಲಿ ಒಬ್ಬರು ಬರೆಯುತ್ತಾರೆ, ತಾಳವಾಡಿಯಲ್ಲಿ ಮತ್ತೊಬ್ಬರು, ಅಕ್ಕಲಕೋಟೆಯಲ್ಲಿ ಇನ್ನೊಬ್ಬರು. ರಾಜ್ಯಗಳ ಪಠ್ಯಕ್ರಮ ಬೇರೆಯಾದರೂ ವ್ಯಾಕರಣ ಒಂದೇ. ಶ್ರಮ ಮಾತ್ರ ಮೂರು ಪಟ್ಟು. ಒಮ್ಮೆ ಮುದ್ರಿತವಾದ ಸಾಮಗ್ರಿಯಲ್ಲಿ ತಪ್ಪು ಕಂಡವರು ತಮ್ಮ ಪ್ರತಿಯಲ್ಲಿ ಪೆನ್ನಿನಿಂದ ತಿದ್ದಿಕೊಳ್ಳುತ್ತಾರೆ. ಆ ತಿದ್ದುಪಡಿ ಆ ಪ್ರತಿಯೊಡನೆಯೇ ಕಪಾಟಿನಲ್ಲಿ ಉಳಿಯುತ್ತದೆ; ನೆರೆಯ ಶಾಲೆಯ ಮಕ್ಕಳು ಅದೇ ತಪ್ಪನ್ನು ಮತ್ತೊಂದು ವರ್ಷ ಕಲಿಯುತ್ತಾರೆ. ದೂರದೂರದಲ್ಲಿರುವ, ಸಂಬಳದ ಸಂಬಂಧವಿಲ್ಲದ, ಒಬ್ಬರ ಮುಖ ಒಬ್ಬರು ಕಾಣದ ಜನರು ಒಂದೇ ಬರಹವನ್ನು ಕೂಡಿ ತಿದ್ದುತ್ತ ಹೋಗುವುದು ಹೇಗೆ ಎಂಬ ಪ್ರಶ್ನೆಗೆ ಮುಕ್ತ ತಂತ್ರಾಂಶದವರು ಮೂರು ದಶಕಗಳಿಂದ ಉತ್ತರ ಹುಡುಕುತ್ತಿದ್ದಾರೆ. ಅವರಲ್ಲಿ ಲಿನಕ್ಸ್ ಕರ್ನೆಲ್ಲಿನ ತಂಡದ ಕಥೆ ಹೆಚ್ಚು ಬೋಧಪ್ರದವಾದುದು. ಯಂತ್ರಾಂಶಕ್ಕೂ ಉಳಿದ ತಂತ್ರಾಂಶಕ್ಕೂ ನಡುವೆ ನಿಂತು ಕೆಲಸ ಹಂಚುವ ತಿರುಳಿಗೆ ಕರ್ನೆಲ್ ಎಂದು ಹೆಸರು. ಉಬುಂಟುವಿನ ಒಳಗೂ, ಆಂಡ್ರಾಯ್ಡ್ ಫೋನುಗಳ ಒಳಗೂ ಇರುವುದು ಇದೇ ಲಿನಕ್ಸ್ ಕರ್ನೆಲ್.

1991ರ ಆಗಸ್ಟ್ 25ರಂದು ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ತಾನೊಂದು ಕಾರ್ಯಾಚರಣ ವ್ಯವಸ್ಥೆಯನ್ನು ಹವ್ಯಾಸಕ್ಕಾಗಿ ಬರೆಯುತ್ತಿರುವುದಾಗಿಯೂ ಯಾರಿಗೆ ಏನು ಬೇಕೆಂದು ತಿಳಿಸಬಹುದೆಂದೂ ಮಿನಿಕ್ಸ್ ಬಳಕೆದಾರರ ಬಳಗಕ್ಕೆ ಬರೆದರು. ಆಗ ಅವರಿಗೆ 21 ವರ್ಷ. ಮಿನಿಕ್ಸ್ ಎಂಬುದು ಆಮ್‌ಸ್ಟರ್‌ಡ್ಯಾಮಿನ ಪ್ರಾಧ್ಯಾಪಕ ಆಂಡ್ರೂ ಟಾನೆನ್‌ಬಾಮ್ ಅವರು ತರಗತಿಯ ಬೋಧನೆಗೆಂದೇ ರಚಿಸಿ 1987ರಲ್ಲಿ ಪಠ್ಯಪುಸ್ತಕದೊಡನೆ ಪ್ರಕಟಿಸಿದ ಪುಟ್ಟ ವ್ಯವಸ್ಥೆ. ಲಿನಕ್ಸಿನ ಬೇರು ಒಬ್ಬ ಅಧ್ಯಾಪಕರ ಪಠ್ಯಪುಸ್ತಕದಲ್ಲಿದೆ ಎಂಬುದನ್ನು ಈ ಸಭೆಯಲ್ಲಿ ಹೇಳದೆ ಮುಂದುವರಿಯುವುದು ಸರಿಯಲ್ಲ.

ಸೆಪ್ಟೆಂಬರ್ ತಿಂಗಳಲ್ಲಿ ಹೊರಬಂದ 0.01 ಆವೃತ್ತಿಯಲ್ಲಿದ್ದುದು ಸುಮಾರು 10,000 ಸಾಲುಗಳು. ಸ್ವತಂತ್ರವಾಗಿ ನಿಲ್ಲುವ ಶಕ್ತಿಯೂ ಅದಕ್ಕಿರಲಿಲ್ಲ. ಅದನ್ನು ಸಿದ್ಧಗೊಳಿಸಲು ಯಂತ್ರದಲ್ಲಿ ಮಿನಿಕ್ಸ್ ಇರಲೇಬೇಕಿತ್ತು. ಅಕ್ಟೋಬರ್ ಮೊದಲ ವಾರದಲ್ಲಿಯೇ 0.02 ಬಂತು. ಆಮೇಲೆ ಕೆಲವು ವಾರಗಳಿಗೊಂದು ಆವೃತ್ತಿ. ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಆ ಆವೃತ್ತಿಗಳು ಅಪೂರ್ಣವಾಗಿದ್ದವು, ಆದರೆ ಓಡುತ್ತಿದ್ದವು. ಅಪೂರ್ಣವಾದುದು ಬೇರೆ, ಕೆಟ್ಟಿರುವುದು ಬೇರೆ. ಹತ್ತು ಪ್ರಶ್ನೆಗಳಿರಬೇಕಾದ ಹಾಳೆಯಲ್ಲಿ ಸರಿಯಾದ ನಾಲ್ಕು ಪ್ರಶ್ನೆಗಳಿದ್ದರೆ ನಾಳೆಯೇ ಅದನ್ನು ತರಗತಿಯಲ್ಲಿ ಬಳಸಬಹುದು. ಹತ್ತೂ ಪ್ರಶ್ನೆಗಳಿದ್ದು ಉತ್ತರಗಳ ಅನುಕ್ರಮ ತಪ್ಪಿದ್ದರೆ ಬಳಸಲಾಗದು. ಸುತ್ತು ಸುತ್ತಾಗಿ ಕೆಲಸ ಮಾಡುವುದೆಂದರೆ ಅರೆಬರೆಯಾದುದನ್ನು ಹಂಚುವುದೆಂದು ತಿಳಿದವರು ಈ ಭೇದವನ್ನು ಮರೆಯುತ್ತಾರೆ.

ಬಳಸಲು ಬರುವ ವಸ್ತು ಕೈಗೆ ಸಿಕ್ಕಾಗ ಬಳಸುವವರೇ ಮುಂದಿನ ಸುತ್ತನ್ನು ನಿರ್ಧರಿಸುತ್ತಾರೆ. 1991ರ ಕೊನೆಯಲ್ಲಿ ಕೇವಲ 2 ಮೆಗಾಬೈಟ್ ಸ್ಮೃತಿಯ ಯಂತ್ರವಿದ್ದ ಜರ್ಮನಿಯ ಬಳಕೆದಾರರೊಬ್ಬರು ತಮ್ಮ ಯಂತ್ರದಲ್ಲಿ ಕರ್ನೆಲ್ಲನ್ನು ಸಿದ್ಧಗೊಳಿಸಲು ಸ್ಥಳ ಸಾಲದೆಂದು ತಿಳಿಸಿದರು. ಟೊರ್ವಾಲ್ಡ್ಸ್ ಅವರ ಯಂತ್ರದಲ್ಲಿ ಆ ತೊಂದರೆ ಇರಲಿಲ್ಲ. ಆದರೂ ಕ್ರಿಸ್‌ಮಸ್ ರಜೆಯಲ್ಲಿ ಕುಳಿತು, ಸ್ಮೃತಿ ಸಾಲದಾದಾಗ ಅದರ ಒಂದು ಪಾಲನ್ನು ಡಿಸ್ಕಿಗೆ ಸಾಗಿಸುವ ಏರ್ಪಾಡನ್ನು ಬರೆದರು. ಮಿನಿಕ್ಸಿನಲ್ಲಿ ಇಲ್ಲದ ಸೌಲಭ್ಯ ಅದು. ಲಿನಕ್ಸಿನ ಕಡೆಗೆ ಜನ ತಿರುಗಲು ಮುಖ್ಯ ಕಾರಣಗಳಲ್ಲೊಂದಾಯಿತು. ಅತ್ಯಂತ ಬಡ ಯಂತ್ರವನ್ನು ಇಟ್ಟುಕೊಂಡಿದ್ದವರ ದೂರಿನಿಂದ ಇಡೀ ಯೋಜನೆಗೆ ಬಲ ಬಂತು. ಏಕೋಪಾಧ್ಯಾಯ ಶಾಲೆಯಲ್ಲಿ ಮೂರು ತರಗತಿಗಳನ್ನು ಒಟ್ಟಿಗೆ ಕೂರಿಸಿಕೊಂಡು ಪಾಠ ಮಾಡುವವರು ಒಂದು ಅಭ್ಯಾಸ ಹಾಳೆ ತಮಗೆ ಒದಗುತ್ತಿಲ್ಲವೆಂದರೆ, ಆ ಮಾತಿಗೆ ಎಲ್ಲರಿಗಿಂತ ಹೆಚ್ಚು ತೂಕ ಕೊಡಬೇಕಾಗುತ್ತದೆ.

ಅದೇ ಹೊತ್ತಿಗೆ ಇನ್ನೊಂದು ನಿರ್ಣಯವಾಯಿತು. ಮೊದಲ ಪರವಾನಗಿಯ ಪ್ರಕಾರ ಲಿನಕ್ಸನ್ನು ಹಂಚುವಾಗ ಹಣ ತೆಗೆದುಕೊಳ್ಳುವಂತಿರಲಿಲ್ಲ. ಫ್ಲಾಪಿಗೆ ನಕಲು ಮಾಡಿಕೊಟ್ಟ ಖರ್ಚನ್ನೂ ಪಡೆಯುವಂತಿರಲಿಲ್ಲ. 1992ರ ಆರಂಭದಲ್ಲಿ ಅದನ್ನು ಬಿಟ್ಟು ಗ್ನು ಸಾರ್ವಜನಿಕ ಪರವಾನಗಿಯನ್ನು ಸ್ವೀಕರಿಸಲಾಯಿತು. ಯಾರೂ ಬಳಸಬಹುದು, ತಿದ್ದಬಹುದು, ಹಂಚಬಹುದು. ತಿದ್ದಿದುದನ್ನು ಹಂಚುವವರು ಅದೇ ಹಕ್ಕನ್ನು ಮುಂದಿನವರಿಗೂ ಕೊಡಬೇಕು. ಅಧ್ಯಾಪಕರು ತಯಾರಿಸುವ ಸಾಮಗ್ರಿಯ ಮೇಲೆ ಇಂತಹ ಒಂದು ಸಾಲು ಇರುವುದು ಅಪರೂಪ. ತಿದ್ದಲು ಅನುಮತಿ ಇದೆಯೋ ಇಲ್ಲವೋ ತಿಳಿಯದ ಬರಹವನ್ನು ಸಂಕೋಚವುಳ್ಳವರು ಮುಟ್ಟುವುದಿಲ್ಲ.

ಮುಂದಿನ ಪ್ರಸಂಗದಲ್ಲಿ ಸ್ವಲ್ಪ ಹಾಸ್ಯವಿದೆ. 0.12ರ ಬಳಿಕ ಕೆಲಸ ಬಹುತೇಕ ಮುಗಿಯಿತೆಂದು ಭಾವಿಸಿ 1992ರ ಮಾರ್ಚ್‌ನಲ್ಲಿ ಆವೃತ್ತಿಯ ಸಂಖ್ಯೆಯನ್ನು ನೇರವಾಗಿ 0.95ಕ್ಕೆ ಏರಿಸಲಾಯಿತು. ನೂರರಲ್ಲಿ ತೊಂಬತ್ತೈದು ಪಾಲು ಆಯಿತು ಎಂಬ ಧ್ವನಿ ಅದರಲ್ಲಿತ್ತು. ಉಳಿದ ಐದು ಪಾಲಿಗೆ ಎರಡು ವರ್ಷ ಹಿಡಿಯಿತು. ಯಂತ್ರಗಳನ್ನು ಜಾಲದಲ್ಲಿ ಬೆಸೆಯುವ ಭಾಗವೇ ಅತಿ ಹೆಚ್ಚು ಸತಾಯಿಸಿತು. 0.96, 0.97, 0.98, 0.99 ಎಲ್ಲವೂ ಖರ್ಚಾಗಿ, 0.99ರೊಳಗೇ ಉಪಸಂಖ್ಯೆಗಳು ಹುಟ್ಟಿ, ಕೊನೆಗೆ 1994ರ ಮಾರ್ಚ್ 14ರಂದು 1.0 ಬಂದಾಗ ಅದರಲ್ಲಿ 1,76,250 ಸಾಲುಗಳಿದ್ದವು. ಆದರೂ ಆ ಎರಡು ವರ್ಷ ಜನ ಕೈಕಟ್ಟಿ ಕುಳಿತಿರಲಿಲ್ಲ. ಸಿದ್ಧವಾದಷ್ಟನ್ನು ಬಳಸುತ್ತಲೇ ಇದ್ದರು. ಅಂದಾಜು ತಪ್ಪಿದರೂ ಯಾರಿಗೂ ಕೆಡುಕಾಗಲಿಲ್ಲ, ಏಕೆಂದರೆ ಇಡೀ ವಸ್ತು ಅಂತಿಮ ದಿನವನ್ನು ನೆಚ್ಚಿಕೊಂಡಿರಲಿಲ್ಲ.

ತಂಡ ಬೆಳೆದಂತೆ ಬೇರೆ ಬಗೆಯ ತೊಡಕು ಮೊಳೆಯಿತು. ಪ್ರತಿಯೊಂದು ತಿದ್ದುಪಡಿಯೂ, ರೂಢಿಯ ಮಾತಿನಲ್ಲಿ ಪ್ರತಿಯೊಂದು ಪ್ಯಾಚೂ, ಟೊರ್ವಾಲ್ಡ್ಸ್ ಒಬ್ಬರ ಕಣ್ಣಿನ ಮುಂದೆ ಹಾದುಹೋಗಬೇಕಿತ್ತು. 1998ರ ವೇಳೆಗೆ ತಿದ್ದುಪಡಿಗಳು ಉತ್ತರವಿಲ್ಲದೆ ಕಳೆದುಹೋಗತೊಡಗಿದವು. ಬೇಡವೆಂದು ತಿರಸ್ಕರಿಸಿದ್ದಾರೋ, ನೋಡಿಯೇ ಇಲ್ಲವೋ ಎಂಬುದು ಕಳುಹಿಸಿದವರಿಗೆ ತಿಳಿಯುತ್ತಿರಲಿಲ್ಲ. ಅದೇ ಪ್ಯಾಚನ್ನು ಮತ್ತೆ ಮತ್ತೆ ಕಳುಹಿಸಿ ಬೇಸತ್ತವರು ಬಹಿರಂಗವಾಗಿ ಸಿಡಿದರು. ಸ್ವಯಂಸೇವಕರನ್ನು ತಿರಸ್ಕಾರಕ್ಕಿಂತ ಮೌನ ಹೆಚ್ಚು ಓಡಿಸುತ್ತದೆ. ಹಾಳೆಯಲ್ಲಿ ತಪ್ಪಿದೆ ಎಂದು ಬರೆದ ಅಧ್ಯಾಪಕರಿಗೆ ಮೂರು ತಿಂಗಳು ಉತ್ತರ ಬಾರದಿದ್ದರೆ ಅವರು ನಾಲ್ಕನೆಯ ತಿಂಗಳು ಬರೆಯುವುದಿಲ್ಲ. ತಪ್ಪು ಇಲ್ಲವೆಂದಾಗಲಿ ತಿದ್ದಲಾಗಿದೆಯೆಂದಾಗಲಿ ಅದರರ್ಥವಲ್ಲ.

ಪರಿಹಾರ ಎರಡು ದಾರಿಗಳಲ್ಲಿ ಬಂತು. ಒಂದು, ಕೆಲಸದ ಹಂಚಿಕೆ. ಕರ್ನೆಲ್ಲಿನ ಒಂದೊಂದು ಭಾಗಕ್ಕೂ ಒಬ್ಬ ಪಾಲಕ. ಆ ಹೆಸರುಗಳ ಪಟ್ಟಿ ಕರ್ನೆಲ್ಲಿನ ಜೊತೆಯಲ್ಲಿಯೇ ಇರುತ್ತದೆ. ತಿದ್ದುವವರು ಮೊದಲು ಆಯಾ ಭಾಗದ ಪಾಲಕರಿಗೆ ಕಳುಹಿಸಬೇಕು. ಪಾಲಕರು ಪರಿಶೀಲಿಸಿ ಮೇಲಕ್ಕೆ ದಾಟಿಸುತ್ತಾರೆ. ಎರಡು, ಉಪಕರಣ. 2002ರಲ್ಲಿ ಬಿಟ್‌ಕೀಪರ್ ಎಂಬ ಖಾಸಗಿ ತಂತ್ರಾಂಶವನ್ನು ತಿದ್ದುಪಡಿಗಳ ಲೆಕ್ಕವಿಡಲು ಬಳಸಲಾರಂಭಿಸಿದರು. ಮುಕ್ತ ಯೋಜನೆಯೊಂದು ಮುಕ್ತವಲ್ಲದ ಉಪಕರಣವನ್ನು ನೆಚ್ಚುವುದೇ ಎಂಬ ಆಕ್ಷೇಪ ಆಗಲೇ ಎದ್ದಿತ್ತು. 2005ರ ಏಪ್ರಿಲ್‌ನಲ್ಲಿ ಅದರ ಮಾಲೀಕರು ಉಚಿತ ಬಳಕೆಯನ್ನು ಹಿಂತೆಗೆದುಕೊಂಡಾಗ ಆಕ್ಷೇಪಿಸಿದವರ ಮಾತು ನಿಜವಾಯಿತು.

ಟೊರ್ವಾಲ್ಡ್ಸ್ ಬೇರೆ ಕೆಲಸ ನಿಲ್ಲಿಸಿ ಏಪ್ರಿಲ್ 3ರಂದು ಗಿಟ್ ಎಂಬ ಹೊಸ ಉಪಕರಣವನ್ನು ಬರೆಯತೊಡಗಿದರು. ಏಪ್ರಿಲ್ 7ರ ಹೊತ್ತಿಗೆ ಗಿಟ್ ತನ್ನದೇ ಬದಲಾವಣೆಗಳ ಲೆಕ್ಕವನ್ನು ತಾನೇ ಇಡುತ್ತಿತ್ತು. ಜೂನ್‌ನಲ್ಲಿ ಬಂದ 2.6.12 ಆವೃತ್ತಿಯನ್ನು ಅದರಿಂದಲೇ ನಿರ್ವಹಿಸಲಾಯಿತು. ಇಷ್ಟು ಬೇಗ ಹೇಗಾಯಿತೆಂದರೆ, ಅಲ್ಲಿಯೂ ಅದೇ ಹಾದಿ: ಎಲ್ಲ ಸೌಲಭ್ಯ ಬರುವವರೆಗೆ ಕಾಯದೆ ನಾಲ್ಕು ದಿನಕ್ಕೆ ಓಡುವ ತಿರುಳು, ಮಿಕ್ಕದ್ದು ಬಳಸುತ್ತ ಬಳಸುತ್ತ. ಗಿಟ್‌ನಲ್ಲಿ ಪ್ರತಿಯೊಂದು ಬದಲಾವಣೆಗೂ ಯಾರು, ಯಾವಾಗ, ಏಕೆ ಎಂಬ ಟಿಪ್ಪಣಿ ಉಳಿಯುತ್ತದೆ. ಏಕೆ ಎಂಬುದನ್ನು ಬರೆಯದ ಪ್ಯಾಚನ್ನು ಕರ್ನೆಲ್ ಪಾಲಕರು ಹಿಂದಿರುಗಿಸುತ್ತಾರೆ. ಒಂದು ಪ್ಯಾಚಿನಲ್ಲಿ ಒಂದೇ ವಿಷಯ ಇರಬೇಕೆಂಬುದೂ ನಿಯಮ. ಹನ್ನೆರಡು ಬದಲಾವಣೆಗಳನ್ನು ಒಂದೇ ಕಟ್ಟಿನಲ್ಲಿ ಕಳುಹಿಸಿದರೆ ಪರಿಶೀಲಿಸುವವರು ಹನ್ನೊಂದನ್ನು ಮೆಚ್ಚಿ ಒಂದನ್ನು ಒಪ್ಪದಿದ್ದಾಗ ಹನ್ನೆರಡೂ ನಿಲ್ಲುತ್ತವೆ. ಪರಿಶೀಲನೆಗೆ ದೊರೆಯುವ ಹತ್ತು ನಿಮಿಷಕ್ಕೆ ತಕ್ಕಂತೆ ಕೆಲಸವನ್ನು ಕತ್ತರಿಸಿ ಕೊಡುವುದು ಕಳುಹಿಸುವವರ ಹೊಣೆ.

ಸುತ್ತಿನ ಅವಧಿ ಎಷ್ಟಿರಬೇಕು ಎಂಬ ಪ್ರಶ್ನೆಯಲ್ಲಿ ಈ ತಂಡ ಬಹುಕಾಲ ತಪ್ಪು ದಾರಿಯಲ್ಲಿತ್ತು. ಆಗಿನ ಪದ್ಧತಿಯಂತೆ ನಡುವಿನ ಅಂಕಿ ಸಮವಾಗಿದ್ದರೆ ಸ್ಥಿರ ಆವೃತ್ತಿ, ಬೆಸವಾಗಿದ್ದರೆ ಪ್ರಯೋಗದ ಆವೃತ್ತಿ. 2.4 ಸ್ಥಿರ, 2.5 ಪ್ರಯೋಗ, ಅದು ಪಕ್ವವಾದಾಗ 2.6. ಕಾಗದದ ಮೇಲೆ ಇದು ಬಲು ಅಚ್ಚುಕಟ್ಟು. ಆದರೆ 2.4 ಬಂದದ್ದು 2001ರ ಜನವರಿಯಲ್ಲಿ, 2.6 ಬಂದದ್ದು 2003ರ ಡಿಸೆಂಬರ್‌ನಲ್ಲಿ. ಸುಮಾರು ಮೂರು ವರ್ಷ ಹೊಸತೆಲ್ಲವೂ ಪ್ರಯೋಗದ ಕೋಣೆಯಲ್ಲಿ ಉಳಿಯಿತು. ಕಾಯಲಾರದ ಹಂಚಿಕೆದಾರರು ಅಲ್ಲಿಂದ ತಮಗೆ ಬೇಕಾದುದನ್ನು ಹೆಕ್ಕಿ ತಮ್ಮ ತಮ್ಮ 2.4ಕ್ಕೆ ಜೋಡಿಸಿಕೊಂಡರು, ಒಂದೇ ಸಂಖ್ಯೆಯ ಕರ್ನೆಲ್ ಒಬ್ಬೊಬ್ಬರಲ್ಲಿ ಒಂದೊಂದು ರೂಪ ತಾಳಿತು. ಈ ವಿಳಂಬದಿಂದ ಇನ್ನೂ ಒಂದು ಕೆಡುಕಿತ್ತು. ಮುಂದಿನ ಅವಕಾಶ ಮೂರು ವರ್ಷಗಳ ನಂತರವೆಂದು ಗೊತ್ತಿದ್ದವರು ಈ ಸುತ್ತಿನಲ್ಲೇ ತಮ್ಮ ಕೆಲಸವನ್ನು ತೂರಿಸಲು ನೋಡುತ್ತಾರೆ. ಮಾಗದ ಕೆಲಸ ಒಳಗೆ ಬರುತ್ತದೆ, ಅದನ್ನು ಸರಿಪಡಿಸಲು ಬಿಡುಗಡೆ ಮತ್ತಷ್ಟು ಮುಂದೆ ಹೋಗುತ್ತದೆ, ಹಾಗೆ ಹೋದಷ್ಟೂ ತೂರಿಸುವವರು ಹೆಚ್ಚುತ್ತಾರೆ.

2.6ರ ಬಳಿಕ ಪದ್ಧತಿ ಬದಲಾಯಿತು. ಸುತ್ತಿನ ಮೊದಲ ಎರಡು ವಾರ ಮಾತ್ರ ಹೊಸ ಕೆಲಸಕ್ಕೆ ಬಾಗಿಲು ತೆರೆದಿರುತ್ತದೆ. ಅನಂತರ ದೋಷಗಳ ತಿದ್ದುಪಡಿಗೆ ಮಾತ್ರ ಅವಕಾಶ. ವಾರಕ್ಕೊಂದು ಪರೀಕ್ಷಾ ಪ್ರತಿ. ಒಂಬತ್ತು ಹತ್ತು ವಾರಗಳಿಗೆ ಬಿಡುಗಡೆ, ಮರುದಿನದಿಂದಲೇ ಮುಂದಿನ ಸುತ್ತು. ಬಾಗಿಲು ಮುಚ್ಚುವಾಗ ಸಿದ್ಧವಾಗದ ಕೆಲಸ ಮುಂದಿನ ಸುತ್ತಿಗೆ ಹೋಗುತ್ತದೆ. ತಪ್ಪಿದರೆ ಹತ್ತು ವಾರ, ಅಷ್ಟೇ. ಹೀಗಾಗಿ ಬೇಡ ಎನ್ನುವ ಪಾಲಕರಿಗೂ ಮನಸ್ಸು ಭಾರವಾಗುವುದಿಲ್ಲ, ಕೇಳಿಸಿಕೊಳ್ಳುವವರಿಗೂ ಅವಮಾನವೆನಿಸುವುದಿಲ್ಲ. ಬಂಡಿ ದಿನಕ್ಕೊಂದೇ ಇರುವ ಊರಿನ ನಿಲ್ದಾಣದ ನೂಕುನುಗ್ಗಲು ಗಂಟೆಗೊಂದು ಬಂಡಿ ಇರುವಲ್ಲಿ ಕಾಣದು.

ಡೆಬಿಯನ್ ಎಂಬ ಪ್ರಸಿದ್ಧ ಸ್ವಯಂಸೇವಕ ತಂಡದವರು ಸಿದ್ಧವಾದಾಗಲೇ ಬಿಡುಗಡೆ ಎಂಬ ವ್ರತ ಹಿಡಿದು 2002ರ ಜುಲೈಯಿಂದ 2005ರ ಜೂನ್‌ವರೆಗೆ ಹೊಸ ಸ್ಥಿರ ಆವೃತ್ತಿಯನ್ನೇ ಕೊಡಲಾಗಲಿಲ್ಲ. ಆ ಡೆಬಿಯನ್ನನ್ನೇ ಆಧರಿಸಿ 2004ರ ಅಕ್ಟೋಬರ್‌ನಲ್ಲಿ ಹುಟ್ಟಿದ ಉಬುಂಟು ಆರು ತಿಂಗಳಿಗೊಂದು ಆವೃತ್ತಿ ಎಂಬ ನಿಯಮದಿಂದ ಹೊರಟಿತು. ನಿಯಮವನ್ನು ಅವರೂ ಒಮ್ಮೆ ಮೀರಿದ್ದುಂಟು. ದೀರ್ಘಕಾಲ ಬೆಂಬಲ ಕೊಡಬೇಕಾಗಿದ್ದ ಆವೃತ್ತಿಗೆ ಇನ್ನಷ್ಟು ಪರೀಕ್ಷೆ ಬೇಕೆಂದು ಮೊದಲೇ ಸಾರಿ ಆರು ವಾರ ತಡಮಾಡಿದರು, 6.04 ಆಗಬೇಕಿದ್ದುದು 6.06 ಆಯಿತು. ಮೊದಲೇ ಸಾರಿದ್ದು ಮುಖ್ಯ. ದಿನ ಕಳೆದ ಮೇಲೆ ಕೊಡುವ ಕಾರಣವನ್ನು ಯಾರೂ ನಂಬುವುದಿಲ್ಲ.

ಬೇಗ ಬೇಗ ಬದಲಾಗುವ ವಸ್ತುವನ್ನು ಬಳಸುವವರಿಗೆ ಭಯವಿರುವುದು ಸಹಜ. ಅದಕ್ಕಾಗಿ ಕರ್ನೆಲ್ ತಂಡದಲ್ಲಿ ಒಂದು ಕಟ್ಟುನಿಟ್ಟಾದ ನಿಯಮವಿದೆ. ಒಳಗಡೆ ಏನನ್ನೂ ಬದಲಿಸಬಹುದು. ಆದರೆ ಹಿಂದಿನ ಆವೃತ್ತಿಯ ಮೇಲೆ ಓಡುತ್ತಿದ್ದ ಬಳಕೆದಾರರ ತಂತ್ರಾಂಶ ಹೊಸ ಆವೃತ್ತಿಯ ಮೇಲೆ ಓಡದಿದ್ದರೆ ತಪ್ಪು ಕರ್ನೆಲ್ಲಿನದು. ಬಳಕೆದಾರರೇ ಸರಿಪಡಿಸಿಕೊಳ್ಳಲಿ ಎನ್ನುವಂತಿಲ್ಲ. ಕನ್ನಡ ಸಾಮಗ್ರಿಗೆ ಈ ನಿಯಮ ನೇರವಾಗಿ ಅನ್ವಯಿಸುತ್ತದೆ. ಮಹಾರಾಷ್ಟ್ರದ ಬಾಲಭಾರತಿ ಪ್ರಕಟಿಸುವ ಕನ್ನಡ ಮಾಧ್ಯಮದ ಪುಸ್ತಕಗಳ ಪಾರಿಭಾಷಿಕ ಪದಗಳು ಕೇರಳದ ಅಥವಾ ಕರ್ನಾಟಕದ ಪುಸ್ತಕಗಳ ಪದಗಳೇ ಆಗಿರಬೇಕೆಂದಿಲ್ಲ. ಯಾವ ಪದ ಮೇಲೆಂಬ ಚರ್ಚೆ ಅಧ್ಯಾಪಕರ ನಡುವೆ ನಡೆಯಲಿ. ಆದರೆ ಜತ್ತಿನ ಮಗು ತನ್ನ ಪರೀಕ್ಷೆಯಲ್ಲಿ ಕಾಣಲಿರುವುದು ತನ್ನ ಪಠ್ಯಪುಸ್ತಕದ ಪದವನ್ನು. ಹಾಳೆಯ ಹೊಸ ಆವೃತ್ತಿಯಲ್ಲಿ ಆ ಪದ ಮಾಯವಾದರೆ ನಷ್ಟ ಮಗುವಿನದು.

ಇಷ್ಟೆಲ್ಲ ಇದ್ದೂ ಮುಕ್ತ ವಿಧಾನ ಸೋತ ಸಂದರ್ಭಗಳಿವೆ. ಅವುಗಳನ್ನು ಮರೆಮಾಚಿ ಹೊಗಳುವುದು ಪ್ರಾಮಾಣಿಕವಲ್ಲ. ಅಂತರಜಾಲದ ಮೇಲೆ ಗುಪ್ತವಾಗಿ ಮಾಹಿತಿ ಸಾಗಿಸಲು ಅಸಂಖ್ಯ ಜಾಲತಾಣಗಳು ಬಳಸುವ ಓಪನ್‌ಎಸ್‌ಎಸ್‌ಎಲ್ ಎಂಬ ಮುಕ್ತ ತಂತ್ರಾಂಶದಲ್ಲಿ 2012ರ ಮಾರ್ಚ್‌ನ ಆವೃತ್ತಿಯೊಡನೆ ಒಂದು ದೋಷ ನುಸುಳಿತು. ಸಂಕೇತವನ್ನು ಯಾರು ಬೇಕಾದರೂ ಓದಬಹುದಿತ್ತು. ಆದರೂ ಎರಡು ವರ್ಷ ಯಾರ ಕಣ್ಣಿಗೂ ಬೀಳಲಿಲ್ಲ. 2014ರ ಏಪ್ರಿಲ್ 7ರಂದು ಹಾರ್ಟ್‌ಬ್ಲೀಡ್ ಎಂಬ ಹೆಸರಿನಿಂದ ಅದು ಬಯಲಾದಾಗ, ಜಗತ್ತೆಲ್ಲ ನೆಚ್ಚಿದ್ದ ಆ ಯೋಜನೆಯಲ್ಲಿ ಪೂರ್ಣಾವಧಿ ದುಡಿಯುತ್ತಿದ್ದವರು ಒಬ್ಬರೇ ಎಂಬುದೂ, ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2,000 ಡಾಲರ್ ಎಂಬುದೂ ಬಯಲಾದವು. ಎಲ್ಲರೂ ನೋಡಬಹುದಾದುದನ್ನು ಬೇರೆ ಯಾರೋ ನೋಡಿರುತ್ತಾರೆಂದು ಎಲ್ಲರೂ ನಂಬಿದ್ದರು. ನೂರು ಮಂದಿಯ ಗುಂಪಿಗೆ ಹಾಳೆಯೊಂದನ್ನು ಕಳುಹಿಸಿ ತಪ್ಪಿದ್ದರೆ ತಿಳಿಸಿ ಎಂದರೆ ನಮಸ್ಕಾರದ ಚಿಹ್ನೆಗಳು ಬರುತ್ತವೆ. ಇಬ್ಬರ ಹೆಸರು ಹಿಡಿದು, ಇಂತಹ ದಿನದೊಳಗೆ ಉತ್ತರಗಳನ್ನು ಬಿಡಿಸಿ ನೋಡಿ ಎಂದರೆ ಮಾತ್ರ ನಾಲ್ಕನೆಯ ಪ್ರಶ್ನೆಯ ವಿಭಕ್ತಿ ತಪ್ಪಿರುವುದು ಹೊರಬೀಳುತ್ತದೆ.

ಅಧ್ಯಾಪಕರ ಕೂಟವೊಂದು ಇಂತಹ ಕೆಲಸ ಆರಂಭಿಸುವುದಾದರೆ ಮೊದಲ ಸುತ್ತಿಗೆ ಐದು ಹಾಳೆ ಸಾಕು. ಒಂದು ಹಾಳೆಯಲ್ಲಿ ಒಂದೇ ವಿಷಯ. ಅಡಿಯಲ್ಲಿ ತಿಂಗಳು ಮತ್ತು ಇಸವಿ, ತಿದ್ದಿ ಹಂಚಬಹುದೆಂಬ ಒಂದು ಸಾಲು, ಪಾಲಕರ ಹೆಸರು. ಸುತ್ತಿನ ಅವಧಿಯನ್ನು ಶಾಲೆಯ ಪಂಚಾಂಗವೇ ಗೊತ್ತುಮಾಡುತ್ತದೆ: ಪರೀಕ್ಷೆಯ ಹಿಂದಿನ ಎರಡು ವಾರ ಹೊಸ ಹಾಳೆಗಳಿಗೆ ಬಾಗಿಲು ಮುಚ್ಚಿರಬೇಕು, ತಿದ್ದುಪಡಿಗೆ ಮಾತ್ರ ತೆರೆದಿರಬೇಕು. ಗಿಟ್ ಕಲಿಯಬೇಕಾದ ಅಗತ್ಯವಿಲ್ಲ. ಯಾರು, ಯಾವಾಗ, ಏಕೆ ತಿದ್ದಿದರೆಂದು ಬರೆದಿಡುವ ನೂರು ಪುಟದ ನೋಟುಪುಸ್ತಕ ಆ ಕೆಲಸಕ್ಕೆ ಸಾಲುತ್ತದೆ. ಪ್ರತಿಯೊಂದು ಹಾಳೆಗೂ ಎರಡನೆಯ ಪಾಲಕರ ಹೆಸರು ಮೊದಲ ದಿನವೇ ಇರಬೇಕು, ವರ್ಗಾವಣೆಯೂ ನಿವೃತ್ತಿಯೂ ಅಧ್ಯಾಪಕ ವೃತ್ತಿಯೊಡನೆಯೇ ಬಂದಿರುವುವು.

ಟೊರ್ವಾಲ್ಡ್ಸ್ ಗಿಟ್ಟನ್ನು ನಾಲ್ಕು ತಿಂಗಳಿಗಿಂತ ಹೆಚ್ಚು ಕಾಲ ತಮ್ಮಲ್ಲಿ ಇಟ್ಟುಕೊಳ್ಳಲಿಲ್ಲ. 2005ರ ಜುಲೈಯಲ್ಲಿ ಅದನ್ನು ಜೂನಿಯೊ ಹಮಾನೊ ಅವರಿಗೆ ಒಪ್ಪಿಸಿದರು. ಕರ್ನೆಲ್ಲಿನ ವಿಷಯದಲ್ಲಿ ಆ ಪರೀಕ್ಷೆ ಬಂದದ್ದು 2018ರಲ್ಲಿ. ಪ್ಯಾಚುಗಳನ್ನು ಕಳುಹಿಸಿದವರಿಗೆ ಅವರು ಬರೆಯುತ್ತಿದ್ದ ಕಟುವಾದ ಉತ್ತರಗಳ ಬಗೆಗೆ ವರ್ಷಗಳಿಂದ ದೂರುಗಳಿದ್ದವು. ಆ ಮಾತುಗಳಿಂದ ನೊಂದು ತಂಡ ಬಿಟ್ಟವರಿದ್ದರು. ಸೆಪ್ಟೆಂಬರ್ 16ರಂದು ಅವರು ಬಹಿರಂಗವಾಗಿ ಕ್ಷಮೆ ಕೇಳಿ, ತಮ್ಮ ನಡತೆಯನ್ನು ತಿದ್ದಿಕೊಳ್ಳಲು ಬಿಡುವು ಪಡೆದರು. ತಂಡ ನಡತೆಯ ಸಂಹಿತೆಯೊಂದನ್ನು ಅಂಗೀಕರಿಸಿತು. 4.19ನೆಯ ಆವೃತ್ತಿಯ ಸುತ್ತು ಆಗ ನಡುದಾರಿಯಲ್ಲಿತ್ತು. ಉಳಿದ ಪರೀಕ್ಷಾ ಪ್ರತಿಗಳನ್ನು ಗ್ರೆಗ್ ಕ್ರೋವಾ-ಹಾರ್ಟ್‌ಮನ್ ನೋಡಿಕೊಂಡರು. ಅಕ್ಟೋಬರ್ 22ರಂದು ಆವೃತ್ತಿಯನ್ನು ಬಿಡುಗಡೆ ಮಾಡಿದವರೂ ಅವರೇ. ಟೊರ್ವಾಲ್ಡ್ಸ್ ಮರಳಿ ಬಂದು 4.20ರ ಸುತ್ತನ್ನು ಕೈಗೆತ್ತಿಕೊಂಡರು.